ತೆರಿಗೆಯ ಹಣದಲ್ಲಿ ಹುಟ್ಟಿದ ಮದ್ದಿಗೆ ವಿಶ್ವವಿದ್ಯಾಲಯ ಪೇಟೆಂಟ್ ಪಡೆಯುವುದು ನ್ಯಾಯವೇ?

ನಿಮ್ಮ ಅಣ್ಣನ ಮಗಳು ಪಿಎಚ್‌ಡಿ ಸಂಶೋಧನೆಯಲ್ಲಿ, ನಮ್ಮ ಕಡೆ ಮನೆಮದ್ದಾಗಿ ಬಳಕೆಯಲ್ಲಿರುವ ಒಂದು ಗಿಡದ ಸಾರವನ್ನು ಲೇಪಿಸಿದ ಗಾಯದ ಪಟ್ಟಿಯನ್ನು ತಯಾರಿಸಿದ್ದಾಳೆಂದೂ, ಅವಳ ವಿಶ್ವವಿದ್ಯಾಲಯವು ಅದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಲು ಹೊರಟಿದೆಯೆಂದೂ ಬರೆದಿದ್ದೀರಿ. ಜನರ ತೆರಿಗೆಯ ಹಣದಲ್ಲಿ ನಡೆದ ಕೆಲಸವನ್ನು ಹೀಗೆ ಕಟ್ಟಿಹಾಕುವ ಬದಲು ಎಲ್ಲರಿಗೂ ಬಿಟ್ಟುಕೊಡಬಾರದೇ ಎಂಬುದು ನಿಮ್ಮ ಪ್ರಶ್ನೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು, ಪೇಟೆಂಟ್ ಏಜೆಂಟನಾಗಿ ಕೆಲಸ ಮಾಡುತ್ತೇನೆ. ಕೇರಳವು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದರಿಂದ ನನ್ನ ವ್ಯವಹಾರವೆಲ್ಲ ಆ ಕಚೇರಿಯೊಂದಿಗೇ. ನನ್ನ ಉತ್ತರ ಇಷ್ಟು: ಪೇಟೆಂಟ್ ಪಡೆಯಲಿ, ಅದರಲ್ಲಿ ಅನ್ಯಾಯವಿಲ್ಲ. ನ್ಯಾಯ ಅನ್ಯಾಯಗಳು ತೀರ್ಮಾನವಾಗುವುದು ಆ ಪೇಟೆಂಟನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಬಳಸಲು ಕೊಡುತ್ತಾರೆ ಎಂಬ ಪರವಾನಗಿ ಪತ್ರದಲ್ಲಿ. ಅಲ್ಲಿ ಎಚ್ಚರ ತಪ್ಪಿದರೆ ನೀವು ಹೆದರಿದ್ದೇ ಆಗುತ್ತದೆ.

ಬಿಟ್ಟುಕೊಡುವುದು ಸರಿಯಾದ ದಾರಿಯಾಗಿದ್ದ ಉದಾಹರಣೆ ನಮ್ಮ ತೋಟಗಳಲ್ಲಿಯೇ ಇದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ನಾವು ಬಿಡುವ ಬೋರ್ಡೋ ಮದ್ದು ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆಯವರ ಕೊಡುಗೆ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಅಲ್ಲಿನ ಬೆಳೆಗಾರರು ಮೈಲುತುತ್ತು ಮತ್ತು ಸುಣ್ಣವನ್ನು ಎರಚುತ್ತಿದ್ದರು; ಆ ಬಳ್ಳಿಗಳಿಗೆ ಬೂಜುರೋಗ ತಗಲದಿದ್ದುದನ್ನು ಗಮನಿಸಿದ ಅವರು ಪ್ರಯೋಗ ನಡೆಸಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಇದ್ದರೆ ಯಾವ ಕೃಷಿಕನೂ ಅಂಗಳದಲ್ಲಿಯೇ ಕಲಸಿಕೊಳ್ಳಬಹುದು. ಬಳಸುವವನೇ ತಯಾರಿಸಿಕೊಳ್ಳಬಹುದಾದ ವಸ್ತುವನ್ನು ಪ್ರಕಟಿಸಿದರೆ ಸಾಕು, ಅದು ಜನರಿಗೆ ತಲುಪುತ್ತದೆ. ಆದರೆ ರೋಗಿಯ ದೇಹಕ್ಕೆ ಸೇರುವ ಮದ್ದನ್ನು ಯಾರೂ ಅಂಗಳದಲ್ಲಿ ಕಲಸುವಂತಿಲ್ಲ. ಅದಕ್ಕೆ ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆ, ಪರವಾನಗಿ ಇರುವ ಕಾರ್ಖಾನೆ, ತಯಾರಾದ ಪ್ರತಿ ಕಂತಿನ ಗುಣಮಟ್ಟದ ತಪಾಸಣೆ ಎಲ್ಲವೂ ಬೇಕು. ಇಷ್ಟು ಹಣ ಹೂಡುವವನು, ನಾಳೆ ಬೇರೆಯವನು ಅದನ್ನೇ ತಯಾರಿಸಿ ಮಾರಲಾರನೆಂಬ ಭರವಸೆಯನ್ನು ಕೇಳುತ್ತಾನೆ. ಎಲ್ಲರಿಗೂ ಬಿಟ್ಟುಕೊಟ್ಟ ಎಷ್ಟೋ ಒಳ್ಳೆಯ ಸಂಶೋಧನೆಗಳು ಯಾರ ಕೈಗೂ ಸೇರದೆ ಪ್ರಬಂಧಗಳಲ್ಲಿಯೇ ಉಳಿದಿರುವುದು ಈ ಕಾರಣದಿಂದ.

ಇನ್ಸುಲಿನ್ನಿನ ಸಂಗತಿಯನ್ನು ನೋಡಿ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರದ ಮೊದಲ ಚುಚ್ಚುಮದ್ದನ್ನು 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟರು. ಸಾರವು ಅಶುದ್ಧವಾಗಿದ್ದುದರಿಂದ ಅದು ಸರಿಹೋಗಲಿಲ್ಲ. ಅದೇ ತಂಡದ ಕಾಲಿಪ್ ಅದನ್ನು ಶುದ್ಧಗೊಳಿಸಿದ ಬಳಿಕ ಅದೇ ತಿಂಗಳ 23ರಂದು ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು. ವೈದ್ಯನಾದವನು ಮದ್ದಿಗೆ ಪೇಟೆಂಟ್ ಪಡೆಯುವುದು ಧರ್ಮವಲ್ಲವೆಂದು ಬ್ಯಾಂಟಿಂಗ್ ಮೊದಲು ಹಿಂಜರಿದಿದ್ದರು. ಆದರೂ ಕೊನೆಗೆ ಪೇಟೆಂಟ್ ಪಡೆದು, ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ಅದನ್ನು ವಿಶ್ವವಿದ್ಯಾಲಯಕ್ಕೆ ವಹಿಸಿಕೊಟ್ಟರು. ಒಂದು ಡಾಲರಿನ ಮಾತನ್ನು ಮಾತ್ರ ನೆನಪಿಟ್ಟು ಅವರು ಪೇಟೆಂಟನ್ನೇ ನಿರಾಕರಿಸಿದರೆಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ತಾವು ಪಡೆಯದಿದ್ದರೆ ಬೇರೊಬ್ಬರು ಪಡೆದು ಬಾಗಿಲು ಹಾಕಬಹುದೆಂಬ ಭಯ ಅವರಿಗಿತ್ತು. ಪೇಟೆಂಟ್ ಕೈಯಲ್ಲಿದ್ದುದರಿಂದಲೇ ವಿಶ್ವವಿದ್ಯಾಲಯದ ಸಮಿತಿಯು ಹಲವು ತಯಾರಕರಿಗೆ ಪರವಾನಗಿ ಕೊಡಲು, ತಯಾರಾದ ಮದ್ದಿನ ಶಕ್ತಿಯನ್ನು ಪರೀಕ್ಷಿಸಲು ಮತ್ತು ಕಳಪೆ ಇನ್ಸುಲಿನ್ ಮಾರುಕಟ್ಟೆಗೆ ಬಾರದಂತೆ ತಡೆಯಲು ಸಾಧ್ಯವಾಯಿತು.

ಹಾಗೆಂದು ವಿಶ್ವವಿದ್ಯಾಲಯದ ಕೈಯಲ್ಲಿ ಪೇಟೆಂಟ್ ಇದ್ದ ಮಾತ್ರಕ್ಕೆ ಬಡವರಿಗೆ ಒಳ್ಳೆಯದಾಗುತ್ತದೆಂದು ನಾನು ಹೇಳುತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್, ಆಹಾರದ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಉಂಟಾಗುತ್ತದೆಂದು 1920ರ ದಶಕದಲ್ಲಿ ತೋರಿಸಿದರು. ಮಕ್ಕಳ ಮೂಳೆಗಳನ್ನು ಬಾಗಿಸುತ್ತಿದ್ದ ರಿಕೆಟ್ಸ್ ರೋಗಕ್ಕೆ ಅದರಿಂದ ಪರಿಹಾರ ಸಿಕ್ಕಿತು. ಕಂಪೆನಿಯೊಂದು ಮುಂದಿಟ್ಟ ದೊಡ್ಡ ಮೊತ್ತವನ್ನು ನಿರಾಕರಿಸಿದ ಅವರು ಪೇಟೆಂಟನ್ನು 1925ರಲ್ಲಿ ಹಳೆವಿದ್ಯಾರ್ಥಿಗಳೊಂದಿಗೆ ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಒಪ್ಪಿಸಿದರು; ಅದರ ಆದಾಯವೆಲ್ಲ ಮತ್ತೆ ಸಂಶೋಧನೆಗೇ ಹೋಯಿತು. ಇಲ್ಲಿಯ ವರೆಗೆ ಕತೆ ಚೆನ್ನಾಗಿದೆ. ಆದರೆ ವಿಸ್ಕಾನ್ಸಿನ್ ಹೈನುಗಾರರ ನಾಡು; ಅಲ್ಲಿನ ಬೆಣ್ಣೆಗೆ ಪೈಪೋಟಿಯಾಗಬಾರದೆಂದು ಆ ಪ್ರತಿಷ್ಠಾನವು ಮಾರ್ಗರಿನ್ ತಯಾರಕರಿಗೆ ಪರವಾನಗಿಯನ್ನು ನಿರಾಕರಿಸಿತು. ಬೆಣ್ಣೆ ಕೊಳ್ಳಲಾರದವರು ತಿನ್ನುತ್ತಿದ್ದುದು ಮಾರ್ಗರಿನ್, ರಿಕೆಟ್ಸ್ ಹೆಚ್ಚಾಗಿ ಕಾಡುತ್ತಿದ್ದುದೂ ಅವರ ಮಕ್ಕಳನ್ನೇ. 1940ರ ದಶಕದಲ್ಲಿ ಮೇಲ್ಮನವಿ ನ್ಯಾಯಾಲಯವು ಈ ಪೇಟೆಂಟುಗಳನ್ನು ಅಸಿಂಧುವೆಂದು ತೀರ್ಮಾನಿಸಿದಾಗ, ಬಡವರ ಬೆಣ್ಣೆಗೆ ವಿಟಮಿನ್ ಸಿಗದಂತೆ ಮಾಡಿದ ಸಂಗತಿಯನ್ನು ಎತ್ತಿ ಆಡಿತು. ಒಂದೇ ಸಂಸ್ಥೆ, ಒಂದೇ ಪೇಟೆಂಟ್. ಒಳಿತು ಕೆಡುಕುಗಳೆರಡೂ ಅದರ ಪರವಾನಗಿಯಿಂದಲೇ ಬಂದವು.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಪ್ರಸಂಗವನ್ನು ಹಸು ಸಾಕುವ ನಮ್ಮವರು ಕೇಳಬೇಕು. 1933ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತುಹೋದ ಕರುವನ್ನೂ, ಹುಳಿತ ಕ್ಲೋವರ್ ಹುಲ್ಲಿನ ಹೊರೆಯನ್ನೂ, ಹಾಲಿನ ಕ್ಯಾನಿನ ತುಂಬ ರಕ್ತವನ್ನೂ ಹೇರಿಕೊಂಡು ಬಂದರು. ಪಶುವೈದ್ಯರ ಕಚೇರಿ ಮುಚ್ಚಿದ್ದುದರಿಂದ ಅವರು ಕಾರ್ಲ್ ಪಾಲ್ ಲಿಂಕ್‌ರ ಜೀವರಸಾಯನ ಪ್ರಯೋಗಾಲಯದ ಬಾಗಿಲಿಗೆ ಹೋಗಬೇಕಾಯಿತು. ಕ್ಯಾನಿನಲ್ಲಿದ್ದ ರಕ್ತ ಹೆಪ್ಪುಗಟ್ಟಿಯೇ ಇರಲಿಲ್ಲ. ಆ ಹುಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಲು ಬಿಡದ ವಸ್ತು ಯಾವುದೆಂದು ಹುಡುಕಲು ಲಿಂಕ್ ಮತ್ತು ಅವರ ವಿದ್ಯಾರ್ಥಿಗಳಿಗೆ ವರ್ಷಗಳೇ ಹಿಡಿದವು. ಅದರ ಮುಂದುವರಿಕೆಯಾಗಿ ಬಂದ ವಾರ್ಫರಿನ್ ಮೊದಲು 1948ರಲ್ಲಿ ಇಲಿಪಾಷಾಣವಾಗಿ, 1954ರಿಂದ ಮನುಷ್ಯರ ಮದ್ದಾಗಿ ಬಳಕೆಗೆ ಬಂದಿತು. ಸ್ಟೀನ್‌ಬಾಕ್‌ರ ಪೇಟೆಂಟನ್ನು ನೋಡಿಕೊಂಡ ಪ್ರತಿಷ್ಠಾನವೇ ಈ ಸಂಶೋಧನೆಗೆ ಹಣ ಒದಗಿಸಿತ್ತು.

ಹೃದಯದ ಕೃತಕ ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಆ ವಾರ್ಫರಿನ್ ಗುಳಿಗೆಯನ್ನು ನನ್ನ ನೆರೆಯವರೊಬ್ಬರು ದಿನವೂ ಸೇವಿಸುತ್ತಾರೆ. ಅವರ ಹೃದಯದಲ್ಲಿರುವುದು ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಕವಾಟ. ಡಾ. ಎಂ. ಎಸ್. ವಲಿಯತ್ತಾನ್‌ರ ನೇತೃತ್ವದ ತಂಡವು ಲೋಹದ ಚೌಕಟ್ಟಿನೊಳಗೆ ಓರೆಯಾಗಿ ತೆರೆದು ಮುಚ್ಚುವ ಒಂದು ಬಿಲ್ಲೆಯ ಕವಾಟವನ್ನು ಮಾಡಲು ಹೊರಟಾಗ ಮೊದಲ ಮೂರು ಮಾದರಿಗಳು ಪರೀಕ್ಷೆಗಳಲ್ಲಿ ಸೋತವು. ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿಗೆ ವಿಶೇಷ ಪಾಲಿಎಥಿಲೀನಿನ ಬಿಲ್ಲೆಯನ್ನು ಜೋಡಿಸಿ, ಕುರಿಗಳಲ್ಲಿ ಪರೀಕ್ಷಿಸಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ತಂತ್ರಜ್ಞಾನವನ್ನು ಟಿಟಿಕೆ ಕಂಪೆನಿಗೆ ಕೊಟ್ಟರು. ಆಮದಾಗುತ್ತಿದ್ದ ಕವಾಟಗಳಿಗಿಂತ ಬಹಳ ಕಡಿಮೆ ಬೆಲೆಗೆ ಅದು ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ತಲುಪಿದೆ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ನಮ್ಮ ಕರಾವಳಿಯಲ್ಲೇ ನೆಲೆಸಿದ್ದರು. 2024ರಲ್ಲಿ ಅಲ್ಲಿಯೇ ತೀರಿಕೊಂಡರು. ಸಾರ್ವಜನಿಕ ಹಣದ ಸಂಶೋಧನೆ ಹೇಗೆ ಜನರಿಗೆ ಮರಳಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕವಾಟದ ಕತೆಯನ್ನೇ.

ಪರವಾನಗಿಯಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದ ಉದಾಹರಣೆಯಿದೆ. ಏಡ್ಸ್ ರೋಗಿಗಳಿಗೆ ಕೊಡುವ ಸ್ಟಾವುಡಿನ್ ಎಂಬ ಮದ್ದಿನ ಪೇಟೆಂಟ್ ಅದರದ್ದು, ಅದನ್ನು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪೆನಿಯೊಂದಕ್ಕೇ ಬಿಟ್ಟುಕೊಟ್ಟಿದ್ದರು. 2001ರಲ್ಲಿ ಭಾರತದ ಸಿಪ್ಲಾ, ಸ್ಟಾವುಡಿನ್ ಸೇರಿದ ಮೂರು ಮದ್ದುಗಳ ಚಿಕಿತ್ಸೆಯನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುವೆನೆಂದಿತು. ಶ್ರೀಮಂತ ದೇಶಗಳಲ್ಲಿ ಅದಕ್ಕೆ ಆಗ 10,000 ಡಾಲರಿಗೂ ಮೇಲ್ಪಟ್ಟ ಬೆಲೆ. ದಕ್ಷಿಣ ಆಫ್ರಿಕಾದಲ್ಲಿ ಅಗ್ಗದ ಮದ್ದನ್ನು ಬಳಸಲು ಬಿಡಿ ಎಂದು ಗಡಿಯಿಲ್ಲದ ವೈದ್ಯರ ಸಂಘಟನೆ ಕೇಳಿದಾಗ, ಹಕ್ಕೆಲ್ಲ ಕಂಪೆನಿಯ ಬಳಿಯಿದೆ ಎಂಬುದು ವಿಶ್ವವಿದ್ಯಾಲಯದ ಮೊದಲ ಉತ್ತರ. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಮದ್ದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಪ್ರುಸಾಫ್‌ರೂ ಅವರ ಪರವಾಗಿ ನಿಂತರು. ಅದೇ ಮಾರ್ಚಿನಲ್ಲಿ ಕಂಪೆನಿಯು ಅಲ್ಲಿ ಪೇಟೆಂಟನ್ನು ಚಲಾಯಿಸುವುದಿಲ್ಲವೆಂದು ಘೋಷಿಸಿತು. ಬಡ ದೇಶಗಳಿಗೆ ಇದು ಅನ್ವಯಿಸದು ಎಂಬ ಒಂದು ವಾಕ್ಯ ಮೊದಲೇ ಪರವಾನಗಿಯಲ್ಲಿದ್ದಿದ್ದರೆ ಆ ಹೋರಾಟವೇ ಬೇಕಾಗುತ್ತಿರಲಿಲ್ಲ.

ಈಗ ನಿಮ್ಮ ಹುಡುಗಿಯ ಪಟ್ಟಿಯ ಮಾತು. ಗಿಡವು ಮನೆಮದ್ದಿನದೆಂದು ನೀವು ಹೇಳಿರುವುದರಿಂದ ಅರಿಶಿನದ ಪ್ರಕರಣವನ್ನು ಅವಳು ಓದಿಕೊಳ್ಳಲೇಬೇಕು. ಗಾಯ ಮಾಯಲು ಅರಿಶಿನದ ಪುಡಿ ಹಚ್ಚುವ ವಿಧಾನಕ್ಕೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅದನ್ನು ಪ್ರಶ್ನಿಸಿ, ಹಳೆಯ ಸಂಸ್ಕೃತ ಗ್ರಂಥಗಳನ್ನೂ 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಜ್ಜಿಗೆ ಗೊತ್ತಿತ್ತು ಎಂಬ ಮಾತು ಅಲ್ಲಿ ಸಾಕಾಗಲಿಲ್ಲ, ಅಚ್ಚಾದ ದಾಖಲೆ ಬೇಕಾಯಿತು. ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಆಮೇಲೆ ಕಟ್ಟಿದ್ದು ಇದಕ್ಕಾಗಿಯೇ. ನಮ್ಮ ಪೇಟೆಂಟ್ ಕಾಯ್ದೆಯ 3ನೆಯ ವಿಧಿಯು ಸಾಂಪ್ರದಾಯಿಕ ಜ್ಞಾನಕ್ಕೂ ಚಿಕಿತ್ಸಾ ವಿಧಾನಕ್ಕೂ ಪೇಟೆಂಟ್ ಕೊಡುವುದಿಲ್ಲ. ಆದ್ದರಿಂದ ಆ ಗಿಡ ಗಾಯಕ್ಕೆ ಒಳ್ಳೆಯದೆಂಬ ಸಂಗತಿ ಅವಳದಾಗದು, ಆಗಲೂಬಾರದು. ನಿಮ್ಮ ಮನೆಯವರು ನಾಳೆಯೂ ಆ ಸೊಪ್ಪನ್ನು ಅರೆದು ಹಚ್ಚಬಹುದು. ಸಾರವನ್ನು ಬಟ್ಟೆಯ ಮೇಲೆ ನಿಲ್ಲಿಸಿದ ಬಗೆ, ಅದು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ರಚನೆ ಇವು ಹೊಸತಾಗಿದ್ದರೆ ಅವಕ್ಕೆ ಮಾತ್ರ ಕೇಳಬಹುದು. ಗಿಡ ನಮ್ಮ ನೆಲದ್ದಾದ ಕಾರಣ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನೂ ಪಾಲಿಸಬೇಕಾಗುತ್ತದೆ.

ಅರ್ಜಿಗೆ ಮೊದಲು ಏನನ್ನೂ ಪ್ರಕಟಿಸಬಾರದು. ಪತ್ರಿಕೆಯ ಪ್ರಬಂಧವಾಗಲಿ, ಪಿಎಚ್‌ಡಿ ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಏರಿಸಿದ ಮಹಾಪ್ರಬಂಧವಾಗಲಿ ಹೊರಬಿದ್ದರೆ ಹೊಸತನ ಹೋಯಿತು. ವಿದ್ವತ್ಸಭೆಯಲ್ಲಿ ಓದಿದ ಪ್ರಬಂಧಕ್ಕೆ ನಮ್ಮಲ್ಲಿ 12 ತಿಂಗಳ ವಿನಾಯಿತಿ ಇದೆಯಾದರೂ ಅದು ಬಹಳ ಸೀಮಿತ, ನಂಬಿ ಕೂರುವಂಥದ್ದಲ್ಲ. ತಾತ್ಕಾಲಿಕ ಅರ್ಜಿಯನ್ನು ಸಲ್ಲಿಸಿದ ಮರುದಿನವೇ ಪ್ರಬಂಧ ಕಳುಹಿಸಬಹುದು. ಪೂರ್ಣ ವಿವರಣೆಗೆ ಮತ್ತೆ 12 ತಿಂಗಳಿವೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡಾ 80ರಷ್ಟು ಇಳಿಕೆ ಇರುವುದರಿಂದ ಹಣದ ನೆಪ ಹೇಳಲಾಗದು. ಪೇಟೆಂಟಿನ ಒಡೆತನ ಸಾಮಾನ್ಯವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಆದರೆ ಸಂಶೋಧಕಿಯಾಗಿ ಅವಳ ಹೆಸರು ಅರ್ಜಿಯಲ್ಲಿ ಇರಲೇಬೇಕು. ಮಾರ್ಗದರ್ಶಕರ ಹೆಸರು ಮಾತ್ರ ಹೋಗುವುದನ್ನು ಒಪ್ಪಬೇಡಿ. ಪೇಟೆಂಟ್ ಬಂದರೂ ಬೇರೆ ಸಂಶೋಧಕರು ಅದನ್ನು ಪ್ರಯೋಗಕ್ಕೂ ಪಾಠಕ್ಕೂ ಬಳಸುವುದನ್ನು ನಮ್ಮ ಕಾಯ್ದೆಯ 47ನೆಯ ವಿಧಿ ಅನುಮತಿಸುತ್ತದೆ. ಜ್ಞಾನ ಮುಚ್ಚಿಹೋಗುವುದೆಂಬ ನಿಮ್ಮ ಭಯಕ್ಕೆ ಅಷ್ಟು ಸಮಾಧಾನವಿದೆ.

ಕಂಪೆನಿಯೊಂದು ಮುಂದೆ ಬಂದಾಗ, ಪರವಾನಗಿ ಪತ್ರಕ್ಕೆ ವಿಶ್ವವಿದ್ಯಾಲಯ ಸಹಿ ಹಾಕುವ ಮೊದಲು ಕರಡನ್ನು ತೋರಿಸಬೇಕೆಂದು ಅವಳು ಲಿಖಿತವಾಗಿ ಕೇಳಿಕೊಳ್ಳಲಿ. ಸಾಧ್ಯವಾದರೆ ಒಬ್ಬರಿಗೇ ಕೊಡದೆ ಹಲವರಿಗೆ ಕೊಡುವ ಪರವಾನಗಿಯೇ ಮೇಲು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಕೋಹೆನ್ ಮತ್ತು ಬೋಯರ್‌ರ ಡಿಎನ್‌ಎ ಜೋಡಣೆಯ ಪೇಟೆಂಟನ್ನು 468 ಕಂಪೆನಿಗಳಿಗೆ ಹೀಗೆ ಕೊಟ್ಟು, 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ ಸುಮಾರು 25.5 ಕೋಟಿ ಡಾಲರ್ ಗಳಿಸಿದವು. ಯಾರೂ ಹೊರಗುಳಿಯಲಿಲ್ಲ, ವಿಶ್ವವಿದ್ಯಾಲಯಕ್ಕೂ ನಷ್ಟವಾಗಲಿಲ್ಲ. ಒಬ್ಬರಿಗೇ ಕೊಡುವುದು ಅನಿವಾರ್ಯವಾದರೆ, ಇಷ್ಟು ವರ್ಷದೊಳಗೆ ಮಾರುಕಟ್ಟೆಗೆ ತಾರದಿದ್ದರೆ ಹಕ್ಕು ಮರಳಬೇಕು, ಸರಕಾರಿ ಆಸ್ಪತ್ರೆಗಳಿಗೆ ಕೊಡುವ ಬೆಲೆಗೆ ಮಿತಿ ಇರಬೇಕು ಎಂಬ ಎರಡು ಷರತ್ತುಗಳನ್ನಾದರೂ ಸೇರಿಸಲು ಒತ್ತಾಯಿಸಲಿ. ಅವಳ ಪ್ರಬಂಧ ಈಗಾಗಲೇ ಪತ್ರಿಕೆಗೆ ಹೋಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಹೋಗಿದ್ದರೆ, ಅಚ್ಚಾಗುವ ದಿನವನ್ನು ಇಂದೇ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಮೊದಲು ತಾತ್ಕಾಲಿಕ ಅರ್ಜಿ ಚೆನ್ನೈಗೆ ಸಲ್ಲಿಕೆಯಾಗಬೇಕು.