ಹಳೆಯ ಬಿಬಿಎಸ್‌ನಲ್ಲಿ ಒಂದು ಚರ್ಚಾ ವಿಭಾಗದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ?

ದೂರದ ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ಹೊಗುವ ಟೆಲ್‌ನೆಟ್ ಮೂಲಕ ಪಿಸಿಬೋರ್ಡ್ ತಂತ್ರಾಂಶದ ಹಳೆಯ ಬಿಬಿಎಸ್ (ಬುಲೆಟಿನ್ ಬೋರ್ಡ್ ಸಿಸ್ಟಮ್: ಫೋನ್ ಮೂಲಕ ಕಂಪ್ಯೂಟರ್ ಜೋಡಿಸಿ ಸಂದೇಶ ಹಂಚಿಕೊಳ್ಳುತ್ತಿದ್ದ ತಾಣ, ಚಿಕ್ಕದಾಗಿ ಬೋರ್ಡ್) ಒಂದನ್ನು ಹೊಕ್ಕಿದ್ದೀರಿ, ಮುಖ್ಯ ಮೆನುವಿನ ಮುಂದೆ ಸಿಕ್ಕಿಹಾಕಿಕೊಂಡಿದ್ದೀರಿ. ಚರ್ಚೆಗಳು ಎಲ್ಲಿವೆ, ಡಯಲ್‌ಅಪ್ ಕಾಲದವರು ಅವನ್ನು ಹೇಗೆ ಓದುತ್ತಿದ್ದರು ಎಂದು ಕೇಳಿದ್ದೀರಿ. ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ನನ್ನ ಸಂಜೆಗಳು ಅಲ್ಲೇ ಕಳೆದದ್ದರಿಂದ ಉತ್ತರಿಸುತ್ತಿದ್ದೇನೆ.

ಚರ್ಚಾ ವಿಭಾಗಗಳಿಗೆ ಪಿಸಿಬೋರ್ಡ್‌ನಲ್ಲಿ ಕಾನ್ಫರೆನ್ಸ್ ಎಂದು ಹೆಸರು. 'ಜೆ' ಒತ್ತಿದರೆ ಪಟ್ಟಿ ಬರುತ್ತದೆ. ಸಂಖ್ಯೆ ಗೊತ್ತಿದ್ದರೆ ಪಟ್ಟಿಯ ಗೊಡವೆಯೇ ಬೇಡ: 'ಜೆ', ಒಂದು ಖಾಲಿ ಜಾಗ, '5' ಎಂದು ಟೈಪಿಸಿದರೆ ನೇರವಾಗಿ ಐದನೆಯ ವಿಭಾಗಕ್ಕೆ. 'ಆರ್' ಓದಲು, 'ಇ' ಬರೆಯಲು, 'ವೈ' ನಿಮ್ಮ ಹೆಸರಿಗೆ ಬಂದ ಪತ್ರಗಳನ್ನು ಹುಡುಕಲು. 'ಎಕ್ಸ್' ಒತ್ತಿದರೆ ಮೆನುಗಳೇ ಮಾಯವಾಗುತ್ತವೆ. ಹೊಸಬರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಎಂಬತ್ತು ಅಕ್ಷರಗಳ ಇಪ್ಪತ್ತೈದು ಸಾಲು ಎಂದರೆ 2000 ಅಕ್ಷರ. 2400 ಬಿಪಿಎಸ್ (ಸೆಕೆಂಡಿಗೆ ಇಷ್ಟು ಬಿಟ್ ಎಂಬ ವೇಗ) ಮೋಡೆಮ್ ಸೆಕೆಂಡಿಗೆ ಸುಮಾರು 240 ಅಕ್ಷರ ತರುತ್ತಿತ್ತು. ತುಂಬು ಪರದೆಯ ಮೆನು ಮೂಡಲು ಎಂಟು ಸೆಕೆಂಡು! ದಿನಕ್ಕೆ ಇಷ್ಟೇ ನಿಮಿಷ ಎಂಬ ಮಿತಿ ಬೇರೆ. ಎಷ್ಟೋ ಬೋರ್ಡ್‌ಗಳಿಗೆ ಇದ್ದದ್ದು ಒಂದೇ ಫೋನ್ ಲೈನ್, ಅಂದರೆ ಒಮ್ಮೆಗೆ ಒಬ್ಬರಷ್ಟೇ.

ಹಾಗಾಗಿ ನಿಜವಾಗಿ ಯಾರೂ ವಿಭಾಗದಿಂದ ವಿಭಾಗಕ್ಕೆ ಅಲೆಯುತ್ತಿರಲಿಲ್ಲ. ನೀವೂ ಅಲೆಯಬೇಡಿ. 'ಸೆಲೆಕ್ಟ್' ಆದೇಶದಿಂದ ಬೇಕಾದ ವಿಭಾಗಗಳನ್ನು ಮೊದಲು ಗುರುತು ಮಾಡಿಕೊಳ್ಳಿ. ನೀವು ಎಲ್ಲಿಯವರೆಗೆ ಓದಿದ್ದೀರಿ ಎಂಬುದನ್ನು ಬೋರ್ಡ್ ಪ್ರತಿ ವಿಭಾಗಕ್ಕೂ ಬೇರೆಬೇರೆಯಾಗಿ ನೆನಪಿಡುತ್ತದೆ. 'ಆರ್ ಎಸ್' ಎಂದರೆ ಅಲ್ಲಿಂದ ಮುಂದಿನದನ್ನು ಮಾತ್ರ ತೋರಿಸುತ್ತದೆ. ಕುತೂಹಲಕ್ಕೆಂದು ಕೊನೆಯ ಸಂದೇಶವನ್ನು ಮೊದಲು ತೆರೆದರೆ ಆ ಗುರುತು ಅಲ್ಲಿಗೆ ಜಿಗಿದು, ನಡುವಿನದೆಲ್ಲ ಓದಿದ ಲೆಕ್ಕಕ್ಕೆ ಸೇರಿಬಿಡಬಹುದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಎಚ್ಚರಿಕೆ. ವಿಭಾಗಗಳಲ್ಲಿ ಕೆಲವು ಆ ಬೋರ್ಡ್‌ಗೆ ಮಾತ್ರ ಸೀಮಿತ, ಕೆಲವು ಎಕೋ, ಅಂದರೆ ಹಲವು ಬೋರ್ಡ್‌ಗಳು ಹಂಚಿಕೊಳ್ಳುವಂಥವು. ಟಾಮ್ ಜೆನ್ನಿಂಗ್ಸ್ 1984ರಲ್ಲಿ ಶುರುಮಾಡಿದ, ಬಿಬಿಎಸ್‌ಗಳನ್ನು ಬೆಸೆಯುವ ಫಿಡೋನೆಟ್ ಜಾಲಕ್ಕೆ ಡಲ್ಲಾಸ್‌ನ ಜೆಫ್ ರಶ್ ಎಕೋಮೇಲ್ ಎಂಬ ಈ ಹಂಚಿಕೆಯ ವ್ಯವಸ್ಥೆ ಸೇರಿಸಿದ ಮೇಲೆ, ಒಂದು ಬೋರ್ಡ್‌ನಲ್ಲಿ ಬರೆದದ್ದು ಬೋರ್ಡ್‌ನಿಂದ ಬೋರ್ಡ್‌ಗೆ ದಾಟುತ್ತಾ ಊರೂರಿಗೆ ಹೋಗತೊಡಗಿತು. ಸಂದೇಶದ ಕೊನೆಯಲ್ಲಿ 'ಒರಿಜಿನ್' ಎಂಬ ಸಾಲಿದ್ದು, ಅದರಲ್ಲಿ ಬೋರ್ಡ್‌ನ ಹೆಸರೂ ಅಂಕಿಗಳ ವಿಳಾಸವೂ ಇದ್ದರೆ ಅದು ಎಕೋ ಎಂದು ತಿಳಿಯಿರಿ. 'ಪರೀಕ್ಷೆ, ಪರೀಕ್ಷೆ' ಎಂದು ಅಲ್ಲಿ ಬರೆದರೆ ಚರ್ಚೆಯ ಮೇಲ್ವಿಚಾರಕರಾದ ಮಾಡರೇಟರ್‌ನಿಂದ ಬೈಗುಳ ಖಚಿತ. ಉತ್ತರವೂ ತಕ್ಷಣ ಬರುವುದಿಲ್ಲ. ಆಗ ಒಂದೆರಡು ದಿನ ಕಾಯುವುದು ಮಾಮೂಲು.

ನೀವು ಹೊಕ್ಕಿರುವುದು ಪಿಸಿಬೋರ್ಡ್ ಅಲ್ಲದಿದ್ದರೆ ಕೀಲಿಗಳು ಬದಲಾಗುತ್ತವೆ. ಇನ್ನೊಂದು ಬಿಬಿಎಸ್ ತಂತ್ರಾಂಶವಾದ ಡಬ್ಲ್ಯುಡಬ್ಲ್ಯುಐವಿಯಲ್ಲಿ ವಿಭಾಗದ ಸಂಖ್ಯೆಯನ್ನಷ್ಟೇ ಒತ್ತಿದರೆ ಸಾಕು. ಏನೂ ತೋಚದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ ನೋಡಿ, ಬಹುತೇಕ ಕಡೆ ಸಹಾಯ ಸಿಗುತ್ತದೆ.

ಸಂದೇಶಗಳನ್ನು ಇಳಿಸಿಕೊಂಡು ಸಂಪರ್ಕವಿಲ್ಲದೆಯೂ ಓದಿಸುವ ಕ್ಯುಡಬ್ಲ್ಯುಕೆ ಸೌಲಭ್ಯ ಬೋರ್ಡ್‌ನಲ್ಲಿ ಇದೆಯೇ ಎಂದೂ ನೋಡಿ. ಗುರುತು ಮಾಡಿದ ವಿಭಾಗಗಳ ಹೊಸ ಸಂದೇಶಗಳೆಲ್ಲ ಒಂದೇ ಕಡತವಾಗಿ ಇಳಿಯುತ್ತವೆ. ಸಂಪರ್ಕ ಕಡಿದು, ಬ್ಲೂ ವೇವ್‌ನಂಥ ಓದುಗ ತಂತ್ರಾಂಶದಲ್ಲಿ ನಿಧಾನವಾಗಿ ಓದಿ, ಉತ್ತರ ಬರೆದು, ಮತ್ತೆ ಹೊಕ್ಕಾಗ ಆ ಉತ್ತರಗಳಿರುವ ಆರ್‌ಇಪಿ ಕಡತವನ್ನು ಏರಿಸಿದರೆ ಆಯಿತು. ನಾನಂತೂ ಇದು ಸಿಕ್ಕ ಮೇಲೆ ಮೆನುಗಳ ಮುಖ ನೋಡಿದ್ದು ಕಡಿಮೆ.