ಪೇಡೆದಾಗಿನ ಸಕ್ರಿ ಎಲ್ಲಿ ಹೋತು?

ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಎಲೆ, ಪುಡಿ ನಂಬಿದವರಲ್ಲಿ ಈ ವರ್ಷ ನನ್ನ ಹತ್ತಿರ ಬಂದ ನಾಲ್ಕನೆಯವರು ಇವರು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಗದಗ-ಬೆಟಗೇರಿಯ ನೇಕಾರರು, ವಯಸ್ಸು 52. ಸಕ್ಕರೆ ಕಾಯಿಲೆ ಗೊತ್ತಾಗಿ ಆರು ವರ್ಷ, ಮೆಟ್‌ಫಾರ್ಮಿನ್ ಗುಳಿಗೆ ಬಿಟ್ಟು ಐದು ತಿಂಗಳು. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ನೆನೆಸಿದ ಮೆಂತ್ಯ, ಸಂತೆಯಲ್ಲಿ ಕೊಂಡ ಹೆಸರಿಲ್ಲದ ಡಬ್ಬಿಯ ಪುಡಿ, ಎಲ್ಲ ಆಗಿತ್ತು. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 10.6, ಅಂದರೆ ತೀರ ಹೆಚ್ಚು, ಬಂದಾಗ ಮಗಳು ಜಗಳ ತೆಗೆದು ಧಾರವಾಡಕ್ಕೆ, ಡಾಕ್ಟರಲ್ಲದ, ಸಲಹೆಯಷ್ಟೇ ಕೊಡುವ ನನ್ನ ಹತ್ತಿರ ಕರೆತಂದಳು.

ಮೊದಲ ಭೇಟಿಯಲ್ಲಿ ಮಾತೇ ಇಲ್ಲ. ಎರಡನೆಯದರಲ್ಲಿ ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. "ಹೇಳೋದು ಬ್ಯಾಡ್ರಿ ಅಕ್ಕಾರ, ನೀವ ಅಗದ ನೋಡ್ರಿ." ಕಪ್ಪತಗುಡ್ಡದ ಮಧುನಾಶಿನಿಯಂತೆ, ಸಕ್ಕರೆ ಕಾಯಿಲೆಗೆಂದು ಜನ ತಿನ್ನುವ ಎಲೆ. (2019ರಿಂದ ಅದು ವನ್ಯಜೀವಿಧಾಮ, ಎಲೆ ಹೇಗೆ ಬಂತೆಂದು ನಾನು ಕೇಳಲಿಲ್ಲ.) ಎರಡು ಎಲೆ ಅಗಿದೆ, ಕಹಿ. ತುಸು ಹೊತ್ತು ಬಿಟ್ಟು, ಮೇಜಿನ ಮೇಲೆ ಯಾರೋ ಇಟ್ಟುಹೋಗಿದ್ದ ಪೇಡೆ ಬಾಯಿಗೆ ಹಾಕಿಕೊಂಡರೆ ಉಸುಕು ತಿಂದಂತಾಯಿತು. ಧಾರವಾಡದಲ್ಲೇ ಹುಟ್ಟಿ ಬೆಳೆದವಳು ನಾನು, ಪೇಡೆ ಸಪ್ಪಗಾದದ್ದು ಅದೇ ಮೊದಲು. ಅವರ ಮುಖ ಅರಳಿತು.

"ನಾಲಿಗಿ ಮ್ಯಾಲಿನ ಸಕ್ರಿ ಕೊಂದದ್ದು ರಕ್ತದಾಗಿಂದು ಬಿಡ್ತೈತೇನ್ರಿ?"

"ಎಲಿ ಖರೇ ಐತ್ರಿ ಅಣ್ಣಾರ. ಆದ್ರ ಪೇಡೆದಾಗಿನ ಸಕ್ರಿ ಎಲ್ಲಿ ಹೋತು?"

ಸುಮ್ಮನೆ ನೋಡಿದರು. "ನಿಮ್ಮ ಹೊಟ್ಟ್ಯಾಗ."

ಮಗಳು ನಕ್ಕಳು, ಅವರು ನಗಲಿಲ್ಲ. ಕರವಸ್ತ್ರ ಮಡಚುತ್ತ ಅಂದರು: "ನಮ್ಮ ಅಪ್ಪಂದು ಗುಳಿಗಿಯಿಂದ ಚಾಲೂ ಆತು, ಸೂಜಿಗೆ ಹೋತು. ಸೂಜಿ ಚುಚ್ಚಾಕ ಹತ್ತಿ ವರ್ಷ ತುಂಬೂದ್ರಾಗ ಹೋಗಿಬಿಟ್ರು. ಗುಳಿಗಿ ಕಂಡ್ರ ನನಗ ಸೂಜಿನ ಕಾಣ್ತೈತಿ."

ಅಲ್ಲಿಯವರೆಗೆ ನಾನು ಎಲೆಯ ಜೊತೆ ವಾದಕ್ಕಿಳಿದಿದ್ದೆ. ತಪ್ಪು ನನ್ನದು. ಕಿಡ್ನಿ, ಕಾಲು ಕೆಟ್ಟ ಮೇಲೆ ಇನ್ಸುಲಿನ್ ಹಿಡಿಸಿದ ಮನೆಗಳಲ್ಲಿ ಸಾವಿನ ಅಪವಾದ ಇನ್ಸುಲಿನ್ ತಲೆಗೇ ಬರುತ್ತದೆ. ನಮ್ಮ ಕಡೆ ಈ ಮಾತು ಕೇಳದ ಓಣಿಯಿಲ್ಲ.

ಎಲೆ ಬಿಡಿ ಎಂದು ನಾನು ಹೇಳಲಿಲ್ಲ. ವೈದ್ಯ ಗೆಳತಿಯೊಬ್ಬಳು ಇದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಆಗಲಿ. ಬಿಡಿ ಅಂದಿದ್ದರೆ ಕದ್ದು ತಿನ್ನುತ್ತಿದ್ದರು, ಡಾಕ್ಟರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾಳೆಯೇ ಡಾಕ್ಟರನ್ನು ಕಂಡು ಗುಳಿಗೆ ಮತ್ತೆ ಹಿಡಿಯಿರಿ, ಎಲೆಯ ಗಂಟನ್ನು ಅವರ ಮುಂದೆಯೂ ಬಿಚ್ಚಿರಿ, ಅಂದೆ. ಪ್ರಮಾಣ ಹೇಳುವುದು ನನ್ನ ಕೆಲಸವಲ್ಲ. ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಒಂದು ಗಿಡವೇ, ಅಳೆದು ಪರೀಕ್ಷಿಸಿ ಗುಳಿಗೆಯಾದದ್ದು, ಎಂದಾಗ ಸ್ವಲ್ಪ ಮೆತ್ತಗಾದರು.

ಡಬ್ಬಿಯ ಪುಡಿಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ, ಅದನ್ನು ಬಿಡಲೇಬೇಕು. ಇಂಥ ಪುಡಿಗಳಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಸಕ್ಕರೆ ತೀರ ಇಳಿದು ಬೆವರು, ನಡುಕ, ಎದೆಬಡಿತ ಬಂದು, ಸಕ್ಕರೆ ಅಳೆಯುವ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಎಲೆ ಅಗಿದಿದ್ದರೆ ಅದು ಸಿಹಿ ಹತ್ತುವುದಿಲ್ಲ, ಆದರೂ ಕುಡಿಯಬೇಕು. ಇದನ್ನು ಮಗಳ ಕೈಲಿ ಬರೆಸಿದೆ.

ಗುಳಿಗೆ ಹಿಡಿದಿದ್ದಾರಂತೆ. ಸೂಜಿಯ ಮಾತು ಇನ್ನೂ ಬಾಕಿ ಇದೆ. ಮುಂದಿನ ಸಲ ಬರುವಾಗ ಅಪ್ಪನ ಹಳೆಯ ಆಸ್ಪತ್ರೆ ಫೈಲ್ ಮನೆಯಲ್ಲಿದ್ದರೆ ತನ್ನಿ, ತಾರೀಖು ಹಿಡಿದು ಕೂಡಿ ಓದೋಣ ಅಂದಿದ್ದೇನೆ.