ಸರ್ಕಾರಿ ವೈದ್ಯನಾಗಿದ್ದೇನೆ, ರೋಗಿಗಳ ಬೆಂಬಲ ಚೆನ್ನಾಗಿದೆ. ಕೆಲಸ ಬಿಟ್ಟು ವಿಧಾನಸಭೆ ಚುನಾವಣೆಗೆ ನಿಲ್ಲಬೇಕೆಂದಿದ್ದೇನೆ. ಯಾವ ಪಕ್ಷ ಸೇರಲಿ?

ಈ ಪ್ರಶ್ನೆಯನ್ನು 2012ರಲ್ಲಿ ನಾನೇ ಕೇಳಬಹುದಿತ್ತು. "ದಿನಕ್ಕೆ ನೂರೈವತ್ತು ಜನರನ್ನು ನೋಡುತ್ತೇನೆ, ಹಳ್ಳಿ ಹಳ್ಳಿಯಲ್ಲೂ ನನ್ನ ಹೆಸರು ಗೊತ್ತು" ಎಂದು ಬರೆದಿದ್ದೀರಿ. ಇಷ್ಟು ಬೆಂಬಲ ಸಾಕಲ್ವಾ ಎಂದೂ ಕೇಳಿದ್ದೀರಿ. ಸಾಲದು ಡಾಕ್ಟ್ರೇ. ಯಾವ ಪಕ್ಷ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ನೂರೈವತ್ತು ಜನರ ವಿಷಯಕ್ಕೆ ಬರೋಣ.

ನಾನು ಬಯಲುಸೀಮೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ರಾಜಕೀಯದ ಯೋಚನೆ ತಲೆಗೆ ಹೊಕ್ಕಿದ್ದು ಒಂದು ಹಾವು ಕಡಿತದ ಕೇಸಿನಿಂದ. ಶೇಂಗಾ ಬಿತ್ತನೆ ಕಾಲ. ಕೂಲಿಗೆ ಹೋಗಿದ್ದ ಹುಡುಗನಿಗೆ ಕೊಳಕುಮಂಡಲ ಕಡಿದಿತ್ತು. ಮನೆಯವರು ತಡ ಮಾಡಿರಲಿಲ್ಲ, ಮಂತ್ರ ಹಾಕಿಸೋಕೆ ಹೋಗಿರಲಿಲ್ಲ. ನೇರವಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡಿದ್ದರು. ಅಲ್ಲಿ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಇರಲಿಲ್ಲ. ನಮ್ಮಲ್ಲಿಗೆ ಬರುವಷ್ಟರಲ್ಲಿ ಒಸಡಿನಿಂದ ರಕ್ತ ಬರುತ್ತಿತ್ತು, ಮೂತ್ರ ನಿಂತಿತ್ತು. ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟೆ. ಬಗ್ಗಿಸಿದರೆ ನೀರಿನ ಹಾಗೆ ಹರಿಯಿತು, ಹೆಪ್ಪುಗಟ್ಟಿರಲೇ ಇಲ್ಲ. ಆ ಮದ್ದಿನ ಹತ್ತು ವಯಲ್ (ಸಣ್ಣ ಸೀಸೆ) ಹಾಕಿ, ಡಯಾಲಿಸಿಸ್ ಬೇಕಾಗುತ್ತೆ ಎಂದು ಜಿಲ್ಲಾಸ್ಪತ್ರೆಗೆ ಕಳಿಸಿದೆ. ಹುಡುಗ ಉಳಿಯಲಿಲ್ಲ.

ವಾರ್ಡಿನಲ್ಲಿ ನಾನು ಮಾಡಬಹುದಾದ್ದು ಅಲ್ಲಿಗೆ ಮುಗಿದಿತ್ತು. ಆ ಔಷಧಿ ಹಳ್ಳಿಯ ಕೇಂದ್ರದಲ್ಲಿ ಇರಬೇಕಿದ್ದರೆ ಯಾರೋ ಇಂಡೆಂಟ್ ಹಾಕಬೇಕಿತ್ತು, ಯಾರೋ ದುಡ್ಡು ಬಿಡುಗಡೆ ಮಾಡಬೇಕಿತ್ತು, ಯಾಕೆ ಬಂದಿಲ್ಲ ಎಂದು ಯಾರೋ ಮೇಜು ಕುಟ್ಟಿ ಕೇಳಬೇಕಿತ್ತು. ಆ ಕೇಳುವವನು ನಾನಾಗಬೇಕು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಆದ್ದರಿಂದ ರಾಜಕೀಯ ಬೇಡ ಎಂದು ನಾನು ನಿಮಗೆ ಹೇಳುವುದಿಲ್ಲ.

ರಾಜೀನಾಮೆ ಕೊಟ್ಟೆ. ಸ್ವಯಂ ನಿವೃತ್ತಿಗೆ ಬೇಕಾದಷ್ಟು ಸೇವೆ ಆಗಿರಲಿಲ್ಲ, ಹಾಗಾಗಿ ಪಿಂಚಣಿಯೂ ಹೋಯಿತು. ಒಂದು ಪಕ್ಷ ಬಿ ಫಾರಂ ಕೊಟ್ಟಿತು. 2013ರ ಮೇ ತಿಂಗಳ ಚುನಾವಣೆ. ಆಗ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 16 ಲಕ್ಷ ಇತ್ತು, ಈಗ 40 ಲಕ್ಷ. ನನ್ನ ಹತ್ತಿರ ಆ 16 ಲಕ್ಷವೂ ಇರಲಿಲ್ಲ. ಆದರೆ ನಾನು ಸೋತಿದ್ದು ದುಡ್ಡಿನಿಂದ ಅಲ್ಲ.

ನನ್ನ ಲೆಕ್ಕಾಚಾರವೇ ತಪ್ಪಾಗಿತ್ತು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಇದೇ ಲೆಕ್ಕ ಹಾಕಿದ್ದೀರಿ. ನಾನು ಓಪಿಡಿ ಚೀಟಿಗಳನ್ನು ಓಟು ಅಂದುಕೊಂಡೆ. ವರ್ಷಕ್ಕೆ ಇಷ್ಟು ರೋಗಿಗಳು, ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ಓಟು, ಅರ್ಧ ಬಂದರೂ ಗೆದ್ದ ಹಾಗೆ. ಕಾಗದದ ಮೇಲೆ ನೋಡಿದರೆ ನನ್ನನ್ನು ಸೋಲಿಸುವವರೇ ಇರಲಿಲ್ಲ.

ಮೊದಲನೆಯದಾಗಿ, ಆಸ್ಪತ್ರೆಯ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ. ಕ್ಷೇತ್ರ ಮರುವಿಂಗಡಣೆಯಾದ ಮೇಲೆ ದೇಶದಲ್ಲೇ ಮೊದಲು ವಿಧಾನಸಭೆ ಚುನಾವಣೆ ನಡೆದಿದ್ದು ಕರ್ನಾಟಕದಲ್ಲಿ, 2008ರಲ್ಲಿ. ಆ ವಿಂಗಡಣೆಯಲ್ಲಿ ನಮ್ಮ ತಾಲೂಕಿನ ಕೆಲವು ಹೋಬಳಿಗಳು ಪಕ್ಕದ ಕ್ಷೇತ್ರಕ್ಕೆ ಹೋಗಿದ್ದವು. ಜನ ಮಾತ್ರ ಹಳೇ ಅಭ್ಯಾಸದಂತೆ ನಮ್ಮ ಆಸ್ಪತ್ರೆಗೇ ಬರುತ್ತಿದ್ದರು, ಬಸ್ಸು ಈ ಕಡೆಗೇ ಇತ್ತಲ್ಲ. ನನ್ನನ್ನು ತುಂಬ ಹಚ್ಚಿಕೊಂಡಿದ್ದ ಹಳ್ಳಿಗಳಲ್ಲಿ ಎಷ್ಟೋ ಆ ಹೋಬಳಿಗಳಲ್ಲಿದ್ದವು. ಅವರ ಓಟು ನನಗೆ ಬೀಳುವ ಹಾಗೇ ಇರಲಿಲ್ಲ. ಮತದಾರರ ಪಟ್ಟಿ ತಂದು ನನ್ನ ರಿಜಿಸ್ಟರ್ ಪಕ್ಕ ಇಟ್ಟಿದ್ದರೆ ಒಂದು ಸಂಜೆಯಲ್ಲಿ ಗೊತ್ತಾಗುತ್ತಿತ್ತು. ಇಡಲಿಲ್ಲ.

ಎರಡನೆಯದು, ರೋಗಿಗಳಲ್ಲಿ ಮಕ್ಕಳಿದ್ದರು, ಗುಳೆ ಹೋಗಿ ಬರುವವರಿದ್ದರು, ತವರಿಗೆ ಬಂದ ಬಾಣಂತಿಯರಿದ್ದರು. ಒಬ್ಬನೇ ಸಕ್ಕರೆ ರೋಗಿ ತಿಂಗಳು ತಿಂಗಳು ಬಂದರೆ ನನ್ನ ಲೆಕ್ಕದಲ್ಲಿ ಹನ್ನೆರಡು ಜನ ಆಗಿಬಿಡುತ್ತಿದ್ದ.

ಮೂರನೆಯದು ಇನ್ನೂ ಆಳವಾದದ್ದು. ಪ್ರಚಾರಕ್ಕೆ ಹೋದಾಗ ಒಬ್ಬ ಅಜ್ಜಿ ಕೈ ಹಿಡಿದು ಒಳಗೆ ಕೂರಿಸಿದರು. ಬಹಳ ವರ್ಷದಿಂದ ನಾನೇ ಅವರ ಬಿಪಿ ನೋಡುತ್ತಿದ್ದೆ. ಮಜ್ಜಿಗೆ ಕೊಟ್ಟು ಕೇಳಿದರು: "ನಿನ್ನ ಗೆಲ್ಲಿಸಿ ಬೆಂಗಳೂರಿಗೆ ಕಳಿಸಿದ್ರೆ ನಮ್ಮನ್ನ ನೋಡೋರು ಯಾರಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಒಬ್ಬರದೇ ಅಲ್ಲ, ಆ ಮಾತು ಆಮೇಲೆ ಎಲ್ಲ ಹಳ್ಳಿಯಲ್ಲೂ ಕೇಳಿತು. ನನ್ನ ಮೇಲೆ ಪ್ರೀತಿ ಇದ್ದವರೇ ಬೇರೆಯವರಿಗೆ ಓಟು ಹಾಕಿದರು, ನಾನು ಆಸ್ಪತ್ರೆಯಲ್ಲೇ ಇರಲಿ ಎಂದು.

ಅಷ್ಟೇ ಅಲ್ಲ. ಎದುರಾಳಿ ಅಭ್ಯರ್ಥಿಗೆ ಒಂದು ಮಾತ್ರೆಯ ಹೆಸರೂ ಗೊತ್ತಿರಲಿಲ್ಲ. ಆದರೆ ಪಂಪ್‌ಸೆಟ್ಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಎರಡು ದಿನದಲ್ಲಿ ಹಾಕಿಸುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗದೆ ಒದ್ದಾಡುವವರನ್ನು ನಾಡಕಚೇರಿಗೆ ತಾವೇ ಕರೆದುಕೊಂಡು ಹೋಗುತ್ತಿದ್ದರು. ಪೋಡಿ, ಬಗರ್ ಹುಕುಂ ಅರ್ಜಿ, ರೇಷನ್ ಕಾರ್ಡು, ವಿಧವಾ ವೇತನ, ರಾತ್ರಿ ಹೊತ್ತು ಪೊಲೀಸ್ ಠಾಣೆ, ಎಲ್ಲ ಅವರೇ. ಜನಕ್ಕೆ ಶಾಸಕ ಬೇಕಾಗುವುದು ಇಂಥ ಕೆಲಸಕ್ಕೆ. ನನಗೆ ಪಹಣಿಯ ಕಾಲಂ ಓದೋಕೂ ಬರುತ್ತಿರಲಿಲ್ಲ. ಅವರನ್ನು ಆರಿಸಿದ ಜನ ದಡ್ಡರು ಎಂದು ನಾನು ಯಾವತ್ತೂ ಹೇಳಿಲ್ಲ, ನೀವೂ ಹೇಳಬೇಡಿ.

ಮತ ಎಣಿಕೆ ಆದ ಮೇಲೆ ಬೂತ್‌ವಾರು ಪಟ್ಟಿ ಇಟ್ಟುಕೊಂಡು ಕೂತೆ. ಊರೊಳಗಿನ, ಆಸ್ಪತ್ರೆ ಸುತ್ತಲಿನ ಬೂತುಗಳಲ್ಲಿ ಒಂದಿಷ್ಟು ಓಟು. ಹಳ್ಳಿಗಳ ಕಡೆ ಹೋದ ಹಾಗೆ ಎರಡಂಕಿ, ಆಮೇಲೆ ಒಂದಂಕಿ. ಎಷ್ಟೋ ಬೂತಿನಲ್ಲಿ ನನಗೆ ಏಜೆಂಟೇ ಇರಲಿಲ್ಲ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ. ನನ್ನ ಹತ್ತು ಸಾವಿರವೂ ಹೋಯಿತು.

ಈಗ ನೀವು ಕೇಳುತ್ತೀರಿ, ಡಾ. ಸಿ.ಎನ್. ಮಂಜುನಾಥ್ ಗೆಲ್ಲಲಿಲ್ವಾ ಎಂದು. ಗೆದ್ದರು. 2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಡಿ.ಕೆ. ಸುರೇಶ್ ಅವರನ್ನು ಎರಡೂವರೆ ಲಕ್ಷಕ್ಕೂ ಜಾಸ್ತಿ ಅಂತರದಿಂದ ಸೋಲಿಸಿದರು. ಆದರೆ ಜಯದೇವ ಆಸ್ಪತ್ರೆಯನ್ನು ಅವರು ಎಷ್ಟು ವರ್ಷ ನಡೆಸಿದ್ದರು ನೋಡಿ, ಬಿಜೆಪಿ ಜೆಡಿಎಸ್ ಎರಡೂ ಜೊತೆಗಿದ್ದವು ನೋಡಿ, ಅವರು ದೇವೇಗೌಡರ ಅಳಿಯ ಅನ್ನೋದನ್ನೂ ನೋಡಿ. ಸರ್ಜನ್ ಆಗಿದ್ದ ಡಾ. ಉಮೇಶ್ ಜಾಧವ್ 2019ರಲ್ಲಿ ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನೇ ಸೋಲಿಸಿದರು. ಅದಕ್ಕೂ ಮೊದಲು ಚಿಂಚೋಳಿಯಲ್ಲಿ ಎರಡು ಸಲ ಶಾಸಕರಾಗಿದ್ದರು. 2024ರಲ್ಲಿ ಅವರೂ ಸೋತರು. ಡಾ. ಕೆ. ಸುಧಾಕರ್ ಕೋವಿಡ್ ಕಾಲದ ಆರೋಗ್ಯ ಸಚಿವರು, 2023ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಸೋತು, ಮರುವರ್ಷ ಅದೇ ಊರಿನ ಹೆಸರಿನ ಲೋಕಸಭಾ ಕ್ಷೇತ್ರದಿಂದ ಸಂಸದರಾದರು. ಹೆಸರಿನ ಹಿಂದಿನ 'ಡಾ.' ಇವರನ್ನು ಗೆಲ್ಲಿಸಲೂ ಇಲ್ಲ, ಸೋಲಿಸಲೂ ಇಲ್ಲ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಬಂಗಾಳದ ವೈದ್ಯ ಬಿ.ಸಿ. ರಾಯ್ ಅವರ ಜೀವನ. ಜುಲೈ 1ಕ್ಕೆ ನಾವು ವೈದ್ಯರ ದಿನ ಮಾಡುತ್ತೇವಲ್ಲ, ಅವರದೇ ನೆನಪಿಗೆ. 1923ರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯಂಥ ಹಿರಿಯ ನಾಯಕರನ್ನು ಸೋಲಿಸಿ ಬಂಗಾಳದ ಶಾಸನ ಪರಿಷತ್ತಿಗೆ ಹೋದರು. 1931ರಲ್ಲಿ ಕಲ್ಕತ್ತಾದ ಮೇಯರ್ ಆದರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದು 1948ರಲ್ಲಿ. ಅಂದರೆ ಚರಂಡಿ, ನೀರು, ಶಾಲೆ ಎಲ್ಲ ನೋಡಿದ ಮೇಲೆ ರಾಜ್ಯ ನೋಡಿದರು. ಮುಖ್ಯಮಂತ್ರಿಯಾದ ಮೇಲೂ ಬೆಳಿಗ್ಗೆ ಬಡ ರೋಗಿಗಳನ್ನು ಪುಕ್ಕಟೆ ನೋಡುವುದನ್ನು ಬಿಡಲಿಲ್ಲ. 1962ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದರು.

ಹಾಗಾಗಿ ನಾನು ಒಂದು ಸಣ್ಣ ಕ್ಲಿನಿಕ್ ತೆರೆದೆ. ಬೆಳಿಗ್ಗೆ ರೋಗಿಗಳು, ಮಧ್ಯಾಹ್ನ ತಾಲೂಕು ಕಚೇರಿ. ಮೊದಮೊದಲು ಗುಮಾಸ್ತರಿಗೇ ಮುಜುಗರ, ಡಾಕ್ಟ್ರು ಬಂದು ಬೆಂಚಿನ ಮೇಲೆ ಕೂತರೆ. ಯಾರದೋ ಪೌತಿ ಖಾತೆ, ಯಾರದೋ ಅಂಗವಿಕಲರ ಪ್ರಮಾಣಪತ್ರ. ನಿಧಾನಕ್ಕೆ ಕಲಿತೆ. 2016ರಲ್ಲಿ ಜಿಲ್ಲಾ ಪಂಚಾಯ್ತಿಗೆ ನಿಂತೆ, ಗೆದ್ದೆ. ಈ ಸಲ ಪ್ರತಿ ಬೂತಿನಲ್ಲೂ ನನ್ನ ಜೊತೆ ಕಚೇರಿ ಅಲೆದವರು ಇದ್ದರು.

ಒಂದು ಕೆಡಿಪಿ ಸಭೆ (ಇಲಾಖೆಗಳ ಪ್ರಗತಿ ಪರಿಶೀಲನೆಯ ಸಭೆ) ಮಾತ್ರ ಹೇಳಿಬಿಡುತ್ತೇನೆ. ಆರೋಗ್ಯ ಇಲಾಖೆಯ ಪ್ರಗತಿ ವರದಿ ಓದಿದರು, ಎಲ್ಲದರಲ್ಲೂ ನೂರಕ್ಕೆ ನೂರು. ನಾನು ಎದ್ದು ಕೇಳಿದೆ: ಈ ಕ್ಷಣಕ್ಕೆ ಯಾವ ಕೇಂದ್ರದಲ್ಲಿ ಎಷ್ಟು ವಯಲ್ ಎಎಸ್‌ವಿ ಇದೆ, ಹೆಸರು ಹಿಡಿದು ಓದಿ. ಓದಲು ಆಗಲಿಲ್ಲ. ಫೋನ್ ಮಾಡಿ ಅಲ್ಲೇ ಕೇಳಿಸಿದೆವು. ಎಷ್ಟೋ ಕಡೆ ಎರಡು, ಮೂರು, ಕೆಲವು ಕಡೆ ಅವಧಿ ಮುಗಿದಿದ್ದವು. ಜಿಲ್ಲಾ ಉಗ್ರಾಣದಲ್ಲಿ ಮಾತ್ರ ಪೆಟ್ಟಿಗೆಗಟ್ಟಲೆ. ಬೇಕಾಗಿದ್ದು ಒಂದು ಗಾಡಿ, ಒಂದು ಸಹಿ. ಮುಂಗಾರು ಬಿತ್ತನೆಗೆ ಮುಂಚೆ ಎಲ್ಲ ಕೇಂದ್ರಕ್ಕೂ ಕನಿಷ್ಠ ಹತ್ತು ವಯಲ್ ತಲುಪಬೇಕು ಎಂದು ಸಭೆಯ ನಡಾವಳಿಯಲ್ಲಿ ಬರೆಸಿದೆವು, ತಲುಪಿದವು ಕೂಡ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂದು ಆದೇಶ ಎಷ್ಟು ದೂರ ಹೋಗುತ್ತೆ ನೋಡಿ.

ನಮ್ಮ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಜಿಲ್ಲಾ, ತಾಲೂಕು ಪಂಚಾಯ್ತಿ ಚುನಾವಣೆಗಳು ವರ್ಷಗಟ್ಟಲೆ ನಿಂತುಬಿಟ್ಟವು. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಆ ಮೇಜಿನ ಮುಂದೆ ಕೂತು ಪ್ರಶ್ನೆ ಕೇಳುವವರೇ ಇಲ್ಲದೆ ಅಧಿಕಾರಿಗಳ ಸಭೆ ನಡೆಯುತ್ತದೆ.

ಈಗ ನಿಮ್ಮ ವಿಷಯ. ಮುಂದಿನ ವಿಧಾನಸಭೆಗೆ ನಿಲ್ಲಬೇಡಿ. ಗ್ರಾಮ ಪಂಚಾಯ್ತಿಯಿಂದಲೋ ಪುರಸಭೆಯಿಂದಲೋ ಶುರು ಮಾಡಿ. ಗ್ರಾಮ ಪಂಚಾಯ್ತಿಗಾದರೆ ಪಕ್ಷದ ಚಿಹ್ನೆಯೂ ಬೇಡ, ಬಿ ಫಾರಂಗೆ ಯಾರ ಮನೆ ಬಾಗಿಲಲ್ಲೂ ಕಾಯಬೇಕಿಲ್ಲ. ಚುನಾವಣೆ ಹತ್ತಿರ ಬಂದಾಗ ಉಚಿತ ಆರೋಗ್ಯ ಶಿಬಿರ ಮಾಡಲೇಬೇಡಿ. ಚಿಕಿತ್ಸೆ ಕೊಟ್ಟು ಓಟು ಕೇಳಿದರೆ ಹಳೇ ರೋಗಿಗೂ ನೀವು ಸಾಲ ವಸೂಲಿಗೆ ಬಂದಂತೆ ಕಾಣುತ್ತದೆ. ರೋಗಿಗಳ ಫೋನ್ ನಂಬರನ್ನು ಪ್ರಚಾರಕ್ಕೆ ಮುಟ್ಟಬೇಡಿ, ಅದು ಅವರು ವೈದ್ಯರನ್ನು ನಂಬಿ ಕೊಟ್ಟಿದ್ದು.

ಕೆಲಸ ಬಿಡುತ್ತೇನೆ ಎಂದಿದ್ದೀರಲ್ಲ, ಅದಕ್ಕೂ ಒಂದು ಮಾತು: ಸುಮ್ನೆ ರಾಜೀನಾಮೆ ಪತ್ರ ಕೊಟ್ಟರೆ ಸಾಲದು. ಸರ್ಕಾರದಲ್ಲಿ ಲಾಭದಾಯಕ ಹುದ್ದೆಯಲ್ಲಿದ್ದವರು ಶಾಸಕರಾಗುವಂತಿಲ್ಲ, ಸಂವಿಧಾನದ 191ನೇ ವಿಧಿ. ರಾಜೀನಾಮೆ ಅಂಗೀಕಾರವಾದ ಆದೇಶ ನಾಮಪತ್ರ ಪರಿಶೀಲನೆಗೆ ಮೊದಲೇ ಕೈಯಲ್ಲಿರಬೇಕು. ಪಿಜಿ ಬಾಂಡ್ (ಸ್ನಾತಕೋತ್ತರ ಓದಿಗಾಗಿ ಸರ್ಕಾರಕ್ಕೆ ಬರೆದುಕೊಟ್ಟ ಸೇವಾ ಕರಾರು) ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ.

ಇನ್ನು ಪಕ್ಷ. ಟಿಕೆಟ್ ಯಾರು ಕೊಡುತ್ತಾರೆ ಎಂದು ನೋಡಿ ಆರಿಸಬೇಡಿ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಸದನದಲ್ಲಿ ವಿಪ್ (ಪಕ್ಷದ ಆದೇಶ) ಹೇಳಿದಂತೆ ಕೈ ಎತ್ತಬೇಕು. ಸರ್ಕಾರಿ ಆಸ್ಪತ್ರೆಯನ್ನು ಖಾಸಗಿಗೆ ಕೊಡುವ ಮಸೂದೆ ಬಂದರೂ ಅಷ್ಟೇ. ವಿಪ್ ಮೀರಿದರೆ ಶಾಸಕ ಸ್ಥಾನ ಹೋಗುತ್ತದೆ. ಆದ್ದರಿಂದ ಯಾವುದೇ ಪಕ್ಷದ ಬಾಗಿಲಿಗೆ ಹೋಗುವ ಮೊದಲು ಅವರು ಅಧಿಕಾರದಲ್ಲಿದ್ದಾಗ ಆರೋಗ್ಯಕ್ಕೆ ಎಷ್ಟು ದುಡ್ಡು ಇಟ್ಟರು, ಖಾಲಿ ಹುದ್ದೆಗೆ ಎಷ್ಟು ಜನರನ್ನು ತುಂಬಿದರು ಎಂದು ಹಳೇ ಬಜೆಟ್ ಪುಸ್ತಕ ತೆಗೆದು ನೋಡಿ. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಓದೋಕೆ ಕಷ್ಟ ಆದರೆ ಇಲ್ಲೇ ಕೆಳಗೆ ಕೇಳಿ, ಯಾವ ಪುಟ ನೋಡಬೇಕೆಂದು ಹೇಳುತ್ತೇನೆ.